ತಟ್ಟೆ ಹಿಡಿದು ಬಂದವರ ದನಿ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈಗ ಯಾರಿಗೂ ಏನೂ ಆಗುವುದಿಲ್ಲ, ಗೊತ್ತು. ಹೋದ ವಾರ ಅವರ ಮಗಳು ವಾಟ್ಸಾಪಿನಲ್ಲಿ "ಅಪ್ಪ ಹೋದ್ರು ಆಂಟಿ" ಎಂದು ಕಳಿಸಿದಳು. ಸತ್ತವರನ್ನು ಹಿಡಿದು ಗಡೀಪಾರು ಮಾಡುವ ಕಾನೂನು ಯಾವ ದೇಶದಲ್ಲೂ ಇಲ್ಲ. ಆದರೂ ಬರೆಯಲು ಕೂತಾಗ ಕೈ ತಡೆಯಿತು. ಅವರು ನಮ್ಮ ಮನೆಯಲ್ಲಿದ್ದ ಅಷ್ಟೂ ವರ್ಷ ನಾವು ಆ ಹೆಸರನ್ನು ಜೋರಾಗಿ ಕರೆದವರಲ್ಲ. ಕಿಟಕಿ ತೆರೆದಿದ್ದರಂತೂ ಕರೆಯುತ್ತಲೇ ಇರಲಿಲ್ಲ. 'ಅಣ್ಣ' ಎಂದರೆ ಸಾಕಿತ್ತು. ಕುವೈತಿನ ಅಬ್ಬಾಸಿಯಾದ ಬೀದಿಯಲ್ಲಿ ಅಣ್ಣ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ, ಅದೇ ಕ್ಷೇಮ ಎನ್ನುತ್ತಿದ್ದರು ಅವರು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಒಂದು ಕ್ಲಿನಿಕ್ಕಿನಲ್ಲಿ ನರ್ಸ್, ನನ್ನ ಗಂಡ ಒಂದು ಕಂಪನಿಯ ಸ್ಟೋರಿನಲ್ಲಿ. ಎರಡು ಕೋಣೆಯ ಫ್ಲ್ಯಾಟು ಹಿಡಿದು ಒಂದನ್ನು ಒಂಟಿ ಗಂಡಸರಿಗೆ ಬಾಡಿಗೆಗೆ ಕೊಡುವುದು ಅಬ್ಬಾಸಿಯಾದ ಸಂಸಾರಗಳ ಪದ್ಧತಿ. ನಾವೂ ಕೊಟ್ಟೆವು. ಬಂದವರು ಬಂಟ್ವಾಳ ಕಡೆಯ ಈ ಮನುಷ್ಯ. ಬೋಳು ತಲೆ, ಮೀಸೆ ಇಲ್ಲ, ಕೈಯಲ್ಲಿ ಒಂದೇ ಒಂದು ಬ್ಯಾಗು. ನಾವು ಕೊಂಕಣಿ ಕ್ರಿಶ್ಚಿಯನ್ನರು ಎಂದು ಗೊತ್ತಾದದ್ದೇ, ಊರಿನ ಕ್ರಮದಂತೆ ನನ್ನನ್ನು 'ಬಾಯಮ್ಮ' ಎಂದೂ ಗಂಡನನ್ನು 'ಪೊರ್ಬುಗಳೇ' ಎಂದೂ ಕರೆಯತೊಡಗಿದರು. ಪರದೇಶದಲ್ಲಿ ಆ ಎರಡು ಶಬ್ದ ಕೇಳಿ ನನ್ನ ಗಂಡ ಕರಗಿಯೇ ಹೋದರು. ಇಕಾಮಾ, ಅಂದರೆ ವಾಸದ ಪರವಾನಗಿ, ಉಂಟೋ ಇಲ್ಲವೋ ಎಂದು ಕೇಳಲೂ ಇಲ್ಲ.

ಆದರೆ ನರ್ಸುಗಳ ಕಣ್ಣಿಗೆ ಭಯ ಬೇಗ ಕಾಣುತ್ತದೆ. ಅಣ್ಣ ಚಪ್ಪಲಿಯನ್ನು ಎಂದೂ ಬಾಗಿಲ ಹೊರಗೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಇನ್ನೊಬ್ಬ ಗಂಡಸು ಇದ್ದಾನೆಂದು ಮೆಟ್ಟಿಲು ಹತ್ತುವವರಿಗೆ ತಿಳಿಯಬಾರದು. ಕೆಲಸಕ್ಕೆ ಹೊರಡುವ ಮುಂಚೆ ಬಚ್ಚಲಿನ ಸಣ್ಣ ಕಿಟಕಿಯಿಂದ ಬೀದಿಯನ್ನು ನೋಡುವರು. ಪೊಲೀಸರ ಬಸ್ಸು ನಿಂತಿದ್ದರೆ ಅಂದು ತಲೆನೋವು, ರಜೆ. ಊಟ ಮಾಡುವಾಗ ಮೆಟ್ಟಿಲ ಮೇಲೆ ಸಪ್ಪಳವಾದರೆ ಅಗಿಯುವುದನ್ನೇ ನಿಲ್ಲಿಸಿಬಿಡುವರು. ತುತ್ತು ಒಂದು ಕೆನ್ನೆಯಲ್ಲಿ ಹಾಗೇ ಉಬ್ಬಿಕೊಂಡಿರುತ್ತಿತ್ತು.

"ಅಣ್ಣ, ಅದು ಗ್ಯಾಸಿನವ ಮಾರಾಯ್ರೆ, ನುಂಗಿ!" ಎಂದು ನನ್ನ ಗಂಡ ತಮಾಷೆ ಮಾಡುವರು.

"ಗ್ಯಾಸಿನವ ಅಂತ ಗೊತ್ತಾದ ಮೇಲೆ ನುಂಗ್ಲಿಕ್ಕೆ ಎಂತ ಕಷ್ಟ ಪೊರ್ಬುಗಳೇ" ಎಂದು ಇವರೂ ನಗುವರು. ಸಪ್ಪಳ ಮೇಲಿನ ಮಹಡಿಗೆ ದಾಟಿದ ಮೇಲೆಯೇ ಆ ನಗು ಬರುತ್ತಿತ್ತು.

ಇನ್ನೊಂದು ವಿಚಿತ್ರ ಇತ್ತು. ಅಂಗಡಿಯಲ್ಲಿ, ಬಸ್ಸಿನಲ್ಲಿ ಅವರಿಗೆ ಅರಬ್ಬಿಯೇ ಬಾರದು. ಯಾರಾದರೂ ಅರಬ್ಬಿಯಲ್ಲಿ ಮಾತಾಡಿಸಿದರೆ ಹಿಂದಿಯಲ್ಲಿ "ಕ್ಯಾ ಭಾಯಿ" ಎಂದು ಬಾಯಿ ತೆರೆದು ನಿಲ್ಲುವರು. ಒಮ್ಮೆ ನನ್ನ ಮಗಳಿಗೆ ಶಾಲೆಯ ಅರಬ್ಬಿ ಪಾಠ ಕಷ್ಟವಾಗಿ ಅಳುತ್ತಿದ್ದಳು. ಅಣ್ಣ ಪಕ್ಕದಲ್ಲಿ ಕೂತು ಆ ಪಾಠದ ಕತೆಯನ್ನು ಒಂಟೆಗೊಂದು ದನಿ, ಅಜ್ಜಿಗೊಂದು ದನಿ ಮಾಡಿ ಹೇಳಿದರು. ನಾನು ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತೆ. ಕ್ಲಿನಿಕ್ಕಿನಲ್ಲಿ ಕುವೈತಿ ಅಮ್ಮಂದಿರು ಮಕ್ಕಳನ್ನು ಸಮಾಧಾನ ಮಾಡುವ ಅರಬ್ಬಿ ಅದು. ಪುಸ್ತಕದ್ದಲ್ಲ, ಮನೆಯೊಳಗಿನದು. ದನಿಯೂ ಹಾಗೆಯೇ, ತುಂಬಿದ ಕೊಡದ ಹಾಗೆ ತುಸು ತಗ್ಗಿನಲ್ಲಿ, ಗುಂಯ್ ಎನ್ನುವಂಥದ್ದು. ಒಮ್ಮೆ ಕೇಳಿದರೆ ಮರೆಯುವ ದನಿಯಲ್ಲ. ನನ್ನನ್ನು ಕಂಡದ್ದೇ ಅವರು ಬಾಯಿ ಮುಚ್ಚಿದರು.

"ಯಾರ ಹತ್ರವೂ ಹೇಳ್ಬೇಡಿ ಬಾಯಮ್ಮ, ನನಗೆ ಅರಬ್ಬಿ ಬರ್ತದೆ ಅಂತ" ಎಂದರು.

ಇಂಥ ಮನುಷ್ಯ ಟೀವಿಯಲ್ಲಿ ಬರುತ್ತಾನೆ ಎಂದರೆ ನಂಬುವವರು ಯಾರು? ನಾನೂ ನಂಬಲಿಲ್ಲ. ಅವರು ರಾಯ್ ಎಂಬಲ್ಲಿನ ಒಂದು ಫರ್ನಿಚರ್ ಅಂಗಡಿಯಲ್ಲಿ ಸಾಮಾನು ಹೊರುವ ಕೆಲಸ ಮಾಡುತ್ತಿದ್ದರು. ರಂಜಾನ್ ತಿಂಗಳಿಡೀ ಸಂಜೆ ಉಪವಾಸ ಬಿಟ್ಟ ಮೇಲೆ ಇಲ್ಲಿನ ಮನೆಮನೆಯಲ್ಲೂ ಧಾರಾವಾಹಿ. ಅದರ ಚಿತ್ರೀಕರಣಕ್ಕೆ ಈ ಅಂಗಡಿಯಿಂದ ಸೋಫಾಗಳು ಬಾಡಿಗೆಗೆ ಹೋಗುತ್ತಿದ್ದವು. ಫಿಂಟಾಸಿನ ಸಮುದ್ರದ ಬದಿಯ ಒಂದು ದೊಡ್ಡ ಮನೆಗೆ ಸೋಫಾ ಇಳಿಸಲು ಹೋದವರನ್ನು ನಿರ್ದೇಶಕ ನೋಡಿದನಂತೆ. ಅಂದು ಆಳಿನ ಪಾತ್ರದವನು ಬಂದಿರಲಿಲ್ಲ. ಕೈಗೆ ಒಂದು ತಟ್ಟೆ ಕೊಟ್ಟು "ಯಲ್ಲಾ, ನಡೆ" ಎಂದನಂತೆ. ಅಣ್ಣ ನಡೆದರು.

"ಸೋಫಾದ ಜೊತೆಗೆ ನಾನೂ ಬಾಡಿಗೆಗೆ ಹೋದದ್ದು" ಎಂದು ಹೇಳಿಕೊಳ್ಳುವರು. "ಒಂದು ವ್ಯತ್ಯಾಸ ಉಂಟು. ಸೋಫಾ ಒಮ್ಮೊಮ್ಮೆ ಕಿರ್ರ್ ಅಂತದೆ, ನನಗೆ ಅದೂ ಇಲ್ಲ."

ಹಾಗೆ ಶುರುವಾದದ್ದು ಪ್ರತಿ ವರ್ಷ ನಡೆಯಿತು. ಯಾವ ಮನೆಯ ಕತೆಯಾದರೂ ಅದರಲ್ಲಿ ಒಬ್ಬ ಹಿಂದಿ, ಅಂದರೆ ಇಂಡಿಯಾದ, ಆಳು ಬೇಕು, ಆ ಆಳಿಗೆ ಮಾತು ಬೇಡ. ಬಾಗಿಲು ತೆಗೆಯುವುದು, ಚೀಲ ಹೊರುವುದು, ಗಹ್ವಾ ಬಗ್ಗಿಸುವುದು. ಏಲಕ್ಕಿ ಹಾಕಿದ ಅರಬ್ಬಿ ಕಾಫಿಗೆ ಇಲ್ಲಿ ಗಹ್ವಾ ಎನ್ನುತ್ತಾರೆ. ಎಡಗೈಯಲ್ಲಿ ಉದ್ದ ಮೂತಿಯ ಹೂಜಿ, ಬಲಗೈಯಲ್ಲಿ ಹಿಡಿಯಿಲ್ಲದ ಸಣ್ಣ ಕಪ್ಪು, ನಿಂತೇ ಬಗ್ಗಿಸಬೇಕು, ಅತಿಥಿ ಕಪ್ಪು ಅಲುಗಿಸುವ ತನಕ ನಿಲ್ಲಿಸಬಾರದು. ಅಣ್ಣ ಬಗ್ಗಿಸಿ ಮುಗಿಸುವಾಗ ಬಲಗೈಯ ಕಿರುಬೆರಳನ್ನು ಹೂಜಿಯ ಮೂತಿಗೆ ಅಡ್ಡ ತಂದು ಕೊನೆಯ ಹನಿಯನ್ನು ತಡೆಯುವರು. ಬಿಸಿ ಹನಿ ಬಿದ್ದು ಬಿದ್ದು ಆ ಬೆರಳಿನ ತುದಿ ನುಣುಪಾಗಿ ಹೊಳೆಯುತ್ತಿತ್ತು. ನಮ್ಮ ಮನೆಯ ಚಹಾ ಬಗ್ಗಿಸುವಾಗಲೂ ಅದೇ ಅಭ್ಯಾಸ. "ಜರಡಿ ಉಂಟಲ್ಲ ಅಣ್ಣ, ಬೆರಳು ಯಾಕೆ ಸುಟ್ಕೊಳ್ಳುದು" ಎಂದು ನಾನು ಬೈದರೆ, "ಹಾಸಿದ ಬಟ್ಟೆಯ ಮೇಲೆ ಹನಿ ಬೀಳ್ಬಾರ್ದು" ಎನ್ನುವರು. ನಮ್ಮ ಮನೆಯಲ್ಲಿ ಹಾಸಿದ ಬಟ್ಟೆಯೇ ಇರಲಿಲ್ಲ, ಹಳೆಯ ಪೇಪರ್ ಹಾಸುತ್ತಿದ್ದೆವು.

ಧಾರಾವಾಹಿ ಬರುವಾಗ ಅವರು ತಮ್ಮ ಮುಖ ನೋಡುತ್ತಿರಲಿಲ್ಲ. "ಕ್ಯಾಮೆರಾ ತಟ್ಟೆಯನ್ನು ನೋಡ್ತದೆ, ತಟ್ಟೆ ಹಿಡಿದವನನ್ನು ನೋಡುದಿಲ್ಲ" ಎಂದು ತಮಗೆ ತಾವೇ ಧೈರ್ಯ ಹೇಳಿಕೊಳ್ಳುವರು. ಆದರೆ ಆ ಮಾತಿಲ್ಲದ ಪಾತ್ರದಲ್ಲಿ ಅವರು ಏನೆಲ್ಲ ಮಾಡುತ್ತಿದ್ದರು! ಯಜಮಾನ, ಯಜಮಾನಿ ಜಗಳವಾಡುವಾಗ ಹಿಂದೆ ನಿಂತ ಇವರ ಭುಜ ಒಂದಿಷ್ಟೇ ಕುಗ್ಗುತ್ತಿತ್ತು. ಮನೆಯ ಮಗಳು ಅತ್ತರೆ ಇವರ ತಟ್ಟೆಯ ಕಪ್ಪುಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ನನಗೆ ಆ ಕತೆಗಳು ಅರ್ಧ ಅರ್ಥವಾಗುತ್ತಿರಲಿಲ್ಲ, ಅವರ ಬೆನ್ನು ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಇಷ್ಟು ಹೆದರುವವರು ಈ ಚಟವನ್ನು ಯಾಕೆ ಬಿಡುವುದಿಲ್ಲ ಎಂದು ಸಿಟ್ಟೂ ಬರುತ್ತಿತ್ತು. ಊರಿನ ನಾಟಕದಲ್ಲಿ ಪಾತ್ರ ಮಾಡಿದವರು ಅವರು, ಬಣ್ಣದ ರುಚಿ ಹತ್ತಿದವರು. ಭಯ ಎಷ್ಟು ದೊಡ್ಡದಾದರೂ ಆ ರುಚಿಯನ್ನು ಕೊಂದಿರಲಿಲ್ಲ.

ಒಂದು ವರ್ಷ ಶೂಟಿಂಗಿನಿಂದ ಬಂದವರು ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದರು. ಏನೋ ಆಗಿದೆ ಎಂದು ಆಗಲೇ ಗೊತ್ತಾಯಿತು.

"ಮಾತು ಕೊಟ್ಟಿದ್ದಾರೆ ಬಾಯಮ್ಮ."

"ಯಾರು? ಎಂತ ಮಾತು?"

"ಡೈರೆಕ್ಟರ್. ಈ ಸಲ ನನಗೆ ಡೈಲಾಗ್ ಉಂಟು. ನಾನು ಆ ಮನೆಯ ಡ್ರೈವರ್. ಮಗುವನ್ನು ಕಾರಲ್ಲಿ ಕರ್ಕೊಂಡು ಹೋಗುವಾಗ ಆಕ್ಸಿಡೆಂಟ್ ಆಗ್ತದೆ. ನಾನು ಓಡಿ ಬಂದು ಯಜಮಾನಿಗೆ ಹೇಳ್ಬೇಕು, ಮಾಮಾ, ಮಗುವಿಗೆ ಏನೂ ಆಗಿಲ್ಲ, ಅಳ್ಬೇಡಿ ಅಂತ. ಮುಖ ಹತ್ರದಿಂದ ತೆಗೀತಾರಂತೆ."

ಇಲ್ಲಿನ ಮನೆಗಳಲ್ಲಿ ಕೆಲಸದವರು ಯಜಮಾನಿಯನ್ನು ಮಾಮಾ ಎಂದೇ ಕರೆಯುವುದು. ನನ್ನ ಗಂಡ ಕೈ ಕುಲುಕಲು ಎದ್ದರು. ಅಣ್ಣ ಕೈ ಕೊಡಲಿಲ್ಲ, ನೆಲದ ಮೇಲೆ ಕೂತುಬಿಟ್ಟರು. ಅಂದು ಅವರು ಎಲ್ಲವನ್ನೂ ಹೇಳಿದರು.

ಅವರು ಈ ದೇಶಕ್ಕೆ ಬಂದದ್ದು ಒಂದು ಮನೆಯ ಡ್ರೈವರಾಗಿ. ಆ ಮನೆಯ ಯಜಮಾನನೇ ಕಫೀಲ್, ವೀಸಾ ಕೊಟ್ಟ ಧಣಿ. ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿ. ಮನೆಗೊಬ್ಬನೇ ಸಣ್ಣ ಮಗ. ಅವನಿಗೆ ಉಣಿಸಿ, ಕತೆ ಹೇಳಿ, ಮಲಗಿಸಿ, ಅಣ್ಣ ಅರಬ್ಬಿ ಕಲಿತದ್ದು ಹಾಗೆ. ಹತ್ತು ವರ್ಷದ ಹಿಂದೆ ಒಂದು ದಿನ ಮಗು ಹಟ ಮಾಡಿ ಮುಂದಿನ ಸೀಟಿನಲ್ಲಿ ಕೂತ. ವೃತ್ತದಲ್ಲಿ ಒಂದು ಕಾರು ಅಡ್ಡ ನುಗ್ಗಿತು. ಇವರು ಬ್ರೇಕು ಒತ್ತಿದರು, ಮಗುವಿನ ಮುಖ ಮುಂದಕ್ಕೆ ಬಡಿದು ಗದ್ದ ಒಡೆಯಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದರು, ಮನೆಗೆ ಫೋನ್ ಮಾಡಿಸಿದರು. ಸ್ವಲ್ಪ ಹೊತ್ತಿಗೆ ಯಜಮಾನನ ಕಾರು ಗೇಟಿನೊಳಗೆ ಬರುವುದು ಕಿಟಕಿಯಿಂದ ಕಂಡಿತು. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುವ ಮನುಷ್ಯ ಅವನು. ಅಣ್ಣ ಹಿಂದಿನ ಬಾಗಿಲಿನಿಂದ ಹೊರಬಿದ್ದರು. ಆಮೇಲೆ ತಿರುಗಿ ನೋಡಲಿಲ್ಲ. ಯಜಮಾನ ಪರಾರಿ ಎಂದು ದೂರು ಕೊಟ್ಟ, ಇಕಾಮಾ ರದ್ದಾಯಿತು. ಪೊಲೀಸರಿಗೆ ಸಿಕ್ಕಿದರೆ ಜೈಲು.

"ಜೈಲಿಗೆ ನಾನು ಹೆದರುದಿಲ್ಲ ಅಂತಲ್ಲ" ಎಂದರು ಅಣ್ಣ. "ಆದ್ರೆ ಬಾಯಮ್ಮ, ನಾನು ಬಿಟ್ಟು ಬರುವಾಗ ಮಗು ಕಣ್ಣು ಬಿಟ್ಟಿರ್ಲಿಲ್ಲ. ಅವನು ಉಂಟೋ ಇಲ್ವೋ ನನಗೆ ಈಗ್ಲೂ ಗೊತ್ತಿಲ್ಲ. ನನ್ನನ್ನು ಹುಡುಕುವವರು ಪರಾರಿ ಆದವನನ್ನು ಹುಡುಕುದಾ, ಮಗುವನ್ನು ಕೊಂದವನನ್ನು ಹುಡುಕುದಾ, ಅದೇ ಗೊತ್ತಿಲ್ಲ."

ನಾನು ನರ್ಸು. ಗದ್ದ ಒಡೆದು ರಕ್ತ ಸುರಿದ ಎಷ್ಟೋ ಮಕ್ಕಳನ್ನು ನೋಡಿದವಳು. ಏನೂ ಆಗಿರುವುದಿಲ್ಲ, ಅಷ್ಟಕ್ಕೆಲ್ಲ ಮಕ್ಕಳು ಸಾಯುವುದಿಲ್ಲ ಎಂದು ಹೇಳಿದೆ. ಹೇಳುವಾಗಲೇ, ಕಣ್ಣು ಬಿಡದೇ ಇದ್ದ ಮಕ್ಕಳ ನೆನಪೂ ಬಂದು ನನ್ನ ದನಿ ಸಣ್ಣದಾಯಿತು. ಅವರಿಗೆ ಅದು ಗೊತ್ತಾಯಿತು.

ಈಗ ಅವರ ಮುಖ ಬದಲಾಗಿತ್ತು. ಕೂದಲು ಹೋಗಿತ್ತು, ಮೀಸೆ ತೆಗೆದಿದ್ದರು, ಮೈ ತುಂಬಿಕೊಂಡಿತ್ತು. ದನಿ ಮಾತ್ರ ಅದೇ. "ಆ ಮನೆಯವರು ನನ್ನ ದನಿ ಕೇಳಿದ್ರೆ ಖಲಾಸ್" ಎಂದರು. ನನ್ನ ಗಂಡನ ಮುಖ ಸಪ್ಪೆಯಾಗಿತ್ತು. ಪರಾರಿಯಾದವರನ್ನು ಇಟ್ಟುಕೊಂಡ ಮನೆಯವರ ಇಕಾಮಾಕ್ಕೂ ಕುತ್ತು ಎಂಬುದು ಅವರಿಗೆ ಗೊತ್ತು. ನಮಗೂ ಶಾಲೆಗೆ ಹೋಗುವ ಮಗಳಿದ್ದಳು.

"ಬೇಡ ಅಣ್ಣ. ನೀವು ಸುಮ್ಮನೆ ತಟ್ಟೆ ಹಿಡೀರಿ. ನಮಗೂ ನಿಮಗೂ ಅದೇ ಒಳ್ಳೇದು" ಎಂದರು.

"ಹೌದು ಪೊರ್ಬುಗಳೇ, ಬೇಡ ಅಂತ್ಲೇ ಹೇಳ್ತೇನೆ" ಎಂದು ಅಣ್ಣ ಎದ್ದು ಹೋಗಿ ಚಪ್ಪಲಿಯನ್ನು ಒಳಗೆ ತಂದರು.

ಮರುದಿನ ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುತ್ತಿದ್ದೆ. ಅಡುಗೆಮನೆಯಲ್ಲಿ ಅಣ್ಣ ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತ ಮೆಲ್ಲಗೆ ಅರಬ್ಬಿಯಲ್ಲಿ ಹೇಳುತ್ತಿದ್ದರು. ಮಾಮಾ, ಮಗುವಿಗೆ ಏನೂ ಆಗಿಲ್ಲ. ಮಾಮಾ, ಅಳಬೇಡಿ. ಮತ್ತೆ ಮತ್ತೆ ಅದೇ. ಯಾವ ಧಾರಾವಾಹಿಯಲ್ಲಿ ಅಪಘಾತ ಇರುವುದಿಲ್ಲ ಹೇಳಿ? ಆದರೆ ಈ ಮನುಷ್ಯ ಆ ಒಂದು ಮಾತನ್ನು ಹೇಳಲಾರದೆ ಓಡಿಬಂದವರು, ಆ ಮಾತೇ ಈಗ ಅವರನ್ನು ಹುಡುಕಿಕೊಂಡು ಬಂದಿತ್ತು. ಹಾಲು ಉಕ್ಕಿ ಚೆಲ್ಲಿತು. ಅವರಿಗೆ ಗೊತ್ತೇ ಆಗಲಿಲ್ಲ.

"ಹೋಗಿ ಬನ್ನಿ ಅಣ್ಣ" ಎಂದೆ. "ಪೊರ್ಬುಗಳನ್ನು ನಾನು ನೋಡಿಕೊಳ್ತೇನೆ."

ಹೋಗಿ ಬಂದರು. ಅವರು ಹೇಳಿ ಮುಗಿಸಿದಾಗ ಯಜಮಾನಿ ಪಾತ್ರದ ನಟಿ ನಿಜವಾಗಿಯೂ ಅತ್ತಳಂತೆ. ಅದನ್ನು ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು, ಕೈ ಬಾಗಿಲ ಚಿಲಕ ಹಾಕುತ್ತಿತ್ತು. ಎರಡೂ ಒಟ್ಟಿಗೆ.

ಆಮೇಲೆ ರಂಜಾನ್ ಬರುವ ತನಕ ನಮ್ಮ ಮನೆಯಲ್ಲಿ ನಡೆದದ್ದು ಸಂಸಾರವಲ್ಲ, ಕಾವಲು. ನನಗೂ ಭಯ ಅಂಟಿತು. ಕ್ಲಿನಿಕ್ಕಿಗೆ ಪೊಲೀಸ್ ಸಮವಸ್ತ್ರದವರು ಜ್ವರಕ್ಕೆ ಮದ್ದು ಕೇಳಲು ಬಂದರೂ ನಾನು ಒಳಕೋಣೆಗೆ ಸರಿದುಬಿಡುತ್ತಿದ್ದೆ. ಗಂಡ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿರಲಿಲ್ಲ. ಅಣ್ಣ ಬ್ಯಾಗು ಕಟ್ಟಿ ಬಾಗಿಲ ಬಳಿ ಇಟ್ಟಿದ್ದರು. ಆ ಕಂತು ಪ್ರಸಾರವಾದ ಕೂಡಲೇ ನಮ್ಮ ಮನೆ ಬಿಡುವುದು, ಎಲ್ಲಿಗೆ ಎಂದು ನಮಗೂ ಹೇಳದಿರುವುದು ಎಂದು ತೀರ್ಮಾನ. "ನಿಮಗೆ ಗೊತ್ತಿಲ್ಲದಿದ್ರೆ ನೀವು ಸುಳ್ಳು ಹೇಳ್ಬೇಕಾಗಿಲ್ಲ" ಎಂದರು.

ಆ ಸಂಜೆ ಬಂತು. ಟೀವಿಯಲ್ಲಿ ಉಪವಾಸ ಬಿಡುವ ಹೊತ್ತಿನ ಫಿರಂಗಿ ಸಿಡಿಯಿತು, ಬೀದಿ ಖಾಲಿಯಾಯಿತು. ನಾವು ನಾಲ್ವರೂ ಚಾಪೆಯ ಮೇಲೆ. ಪರದೆಯಲ್ಲಿ ಅಣ್ಣ ಓಡಿ ಬಂದರು, ಮುಖ ದೊಡ್ಡದಾಯಿತು, ಬೆವರ ಹನಿ ಕೂಡ ಕಾಣುತ್ತಿತ್ತು. ನಾನು ಕೊರಳ ಜಪಸರವನ್ನು ಹಿಡಿದುಕೊಂಡೆ. ಅವರ ತುಟಿ ತೆರೆಯಿತು.

ಬಂದದ್ದು ಯಾರದೋ ಮೂಗಿನ ದನಿ. "ಮಾಮಾ ಮಾಮಾ, ಮಾಫಿ ಮುಶ್ಕಿಲಾ, ಬೇಬಿ ಗುಡ್, ಗುಡ್!" ಎಂದು ಕೀರಲಾಗಿ, ಹರಕು ಅರಬ್ಬಿಯಲ್ಲಿ. ತೊಂದರೆ ಇಲ್ಲ ಎಂದು ಹೇಳಲು ಬಾರದವನು ಹೇಳಿದ ಹಾಗೆ. ಪಕ್ಕದ ಫ್ಲ್ಯಾಟಿನಿಂದ ಜೋರಾಗಿ ನಗು ಕೇಳಿತು. ಆಮೇಲೆ ಶೂಟಿಂಗಿನ ವ್ಯಾನು ಓಡಿಸುವ ಈಜಿಪ್ಟಿನವನು ಕಾರಣ ಹೇಳಿದ. ಆಳು ಇಷ್ಟು ಚೆನ್ನಾಗಿ ಅರಬ್ಬಿ ಮಾತಾಡಿದರೆ ಜನ ನಂಬುವುದಿಲ್ಲ, ನಗುವುದೂ ಇಲ್ಲ ಎಂದು ಅಣ್ಣನ ದನಿ ತೆಗೆದು, ಒಬ್ಬ ಹಾಸ್ಯಗಾರನಿಂದ ಹೇಳಿಸಿ ಕೂರಿಸಿದರಂತೆ.

"ಬಚಾವ್!" ಎಂದು ನನ್ನ ಗಂಡ ಅಣ್ಣನ ಬೆನ್ನಿಗೆ ಹೊಡೆದರು. ಅಣ್ಣನೂ "ಬಚಾವ್ ಪೊರ್ಬುಗಳೇ" ಎಂದು ನಕ್ಕರು. ಹೋಗಿ ಬ್ಯಾಗು ಬಿಚ್ಚಿ ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿಟ್ಟರು.

ಮಾರನೆಯ ದಿನದಿಂದ ಅವರು ಮಾತು ಬಿಟ್ಟರು. ಮುನಿಸಲ್ಲ, ಕೇಳಿದ್ದಕ್ಕೆ ತಲೆಯಾಡಿಸುವರು, ನಗುವರು. ದನಿ ಮಾತ್ರ ಹೊರಡದು. ಸಂಜೆ ಮಗಳು ಕತೆ ಕೇಳಲು ಹೋದರೆ ಅವಳ ತಲೆ ಸವರಿ ಕಳಿಸುವರು.

"ಮಮ್ಮಿ, ವೈ ಅಂಕಲ್ ಈಸ್ ನಾಟ್ ಟಾಕಿಂಗ್?" ಎಂದು ಅವಳು ಕೇಳಿದಾಗ, ಗಂಟಲು ನೋವು ಎಂದೆ. ಪೊಲೀಸರು ಹಿಡಿದಿದ್ದರೆ ಕೂಡ ಈ ಮನುಷ್ಯ ಇಷ್ಟು ಕುಗ್ಗುತ್ತಿರಲಿಲ್ಲವೇನೋ ಎನಿಸಿತ್ತು.

ಈದ್ ಮುಗಿದ ಮೇಲಿನ ಒಂದು ಶುಕ್ರವಾರ. ಇಲ್ಲಿ ನಮಗೆ ಪೂಜೆ ಶುಕ್ರವಾರವೇ. ಇಗರ್ಜಿಯಿಂದ ಬಂದು ಮೆಟ್ಟಿಲು ಹತ್ತಿದರೆ ನಮ್ಮ ಬಾಗಿಲ ಮುಂದೆ ಬಿಳಿ ದಿಶ್‌ದಾಶಾ, ಪಾದದ ತನಕದ ನಿಲುವಂಗಿ, ತೊಟ್ಟ ಒಬ್ಬ ಕುವೈತಿ ಯುವಕ ನಿಂತಿದ್ದ. ಅಬ್ಬಾಸಿಯಾದ ಮೆಟ್ಟಿಲ ಮೇಲೆ ಅಂಥ ಬಟ್ಟೆಯವರು ಬಂದರೆ ಮಫ್ತಿ ಪೊಲೀಸರೇ ಎಂದು ನಾವೆಲ್ಲ ತಿಳಿಯುವುದು. ನನ್ನ ಗಂಡ ತೆಗೆದಿದ್ದ ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಯುವಕ ಅಣ್ಣನ ಹೆಸರು ಹೇಳಿದ. ಪೂರ್ತಿ ಹೆಸರು, ಅದೂ ಜೋರಾಗಿ.

"ಇಲ್ಲಿ ಹಾಗೆ ಯಾರೂ ಇಲ್ಲ. ಮಾಫಿ, ಇಲ್ಲವೇ ಇಲ್ಲ" ಎಂದರು ನನ್ನ ಗಂಡ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಯುವಕ ಹೋಗಲಿಲ್ಲ. ನನ್ನ ಕ್ಲಿನಿಕ್ಕಿನ ಅರಬ್ಬಿಗೆ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದ. "ವ್ಯಾನ್ ಡ್ರೈವರ್ ಈ ಮನೆ ತೋರಿಸಿದ. ನನ್ನನ್ನು ಕಳಿಸಿದ್ದು ನನ್ನ ತಾಯಿ. ಆಕೆ ಪ್ರತಿ ರಂಜಾನಿನಲ್ಲೂ ಟೀವಿಯಲ್ಲಿ ಇವರನ್ನು ನೋಡುತ್ತಾಳೆ. ಗಹ್ವಾ ಬಗ್ಗಿಸಿ ಕಿರುಬೆರಳು ಅಡ್ಡ ಹಿಡಿದದ್ದನ್ನು ನೋಡಿ ಮೊದಲ ವರ್ಷವೇ ಗುರುತು ಹಿಡಿದಳು. ಬೆರಳು ಸುಟ್ಟುಕೊಳ್ಳಬೇಡ ಎಂದು ದಿನಾ ಬೈದವಳಲ್ಲವೇ? ತಂದೆಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಈಗ ತಂದೆ ಇಲ್ಲ. ಈ ವರ್ಷ ಇವರು ಬಾಯಿ ತೆರೆದರು. ಅದು ಅವನ ದನಿಯಲ್ಲ, ಅವನ ಗಂಟಲಿಗೆ ಏನೋ ಕಾಯಿಲೆಯಾಗಿದೆ, ಹೋಗಿ ನೋಡಿ ಬಾ ಎಂದು ತಾಯಿ ಅಂದಿನಿಂದ ಅಳುತ್ತಿದ್ದಾಳೆ."

ನಾನು ಆಗ ಅವನ ಮುಖವನ್ನು ಸರಿಯಾಗಿ ನೋಡಿದೆ. ಹೊಸದಾಗಿ ಬಿಟ್ಟ ಗಡ್ಡ. ಗದ್ದದ ಮೇಲೆ ಮಾತ್ರ ಒಂದು ಗೆರೆಯಷ್ಟು ಜಾಗದಲ್ಲಿ ಕೂದಲಿಲ್ಲ. ಹೊಲಿಗೆ ಹಾಕಿದ ಜಾಗದಲ್ಲಿ ಕೂದಲು ಬರುವುದಿಲ್ಲ. ಅದನ್ನು ಯಾವ ನರ್ಸಿಗೂ ಹೇಳಿಕೊಡಬೇಕಾಗಿಲ್ಲ.

"ಅಣ್ಣಾ" ಎಂದು ಕೂಗಿದೆ. ಆಮೇಲೆ, ಮೊದಲ ಸಲ, ಅವರ ಹೆಸರು ಹಿಡಿದು ಕೂಗಿದೆ.

ಅವರು ಬಂದರು. ಒದ್ದೆ ಕೈ, ಭುಜದ ಮೇಲೆ ಬಟ್ಟೆ. ಬಾಗಿಲವರೆಗೆ ಬರಲು ತುಂಬ ಹೊತ್ತು ಹಿಡಿಯಿತು. ಇದು ಮೋಸವೇನೋ, ಕೆಳಗೆ ಬಸ್ಸು ನಿಂತಿದೆಯೇನೋ ಎಂಬ ಹೆದರಿಕೆ ಅವರ ಕಣ್ಣಲ್ಲಿ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನಮಗೂ ಆ ಹೆದರಿಕೆ ಹೋಗಿರಲಿಲ್ಲ. ಆ ಹುಡುಗ ಮುಂದೆ ಕಪಾಟಿನಿಂದ ಪಾಸ್‌ಪೋರ್ಟ್ ಹುಡುಕಿ ತಂದುಕೊಡುತ್ತಾನೆ, ಸರಕಾರದ ಕ್ಷಮಾದಾನ ಬಂದಾಗ ಅಣ್ಣ ಹಗಲು ಹೊತ್ತಿನಲ್ಲೇ ವಿಮಾನ ಹತ್ತಿ ಹೆಂಡತಿ ಮಗಳ ಬಳಿಗೆ ಹೋಗುತ್ತಾರೆ ಎಂಬುದೆಲ್ಲ ನಮಗೆ ಆಗ ಹೇಗೆ ಗೊತ್ತಿರಬೇಕು? ಆಗ ಗೊತ್ತಿದ್ದದ್ದು ಆ ಮೆಟ್ಟಿಲು, ಆ ಬಿಳಿ ಬಟ್ಟೆ, ಅಷ್ಟೇ.

ಅಣ್ಣನ ಕಣ್ಣು ಆ ಗದ್ದದ ಮೇಲೆ ನಿಂತಿತು. ಒದ್ದೆ ಕೈ ಎತ್ತಿ, ಕಿರುಬೆರಳಿನ ಆ ನುಣುಪು ತುದಿಯಿಂದ ಗೆರೆಯನ್ನು ಮುಟ್ಟಿದರು. ಹುಡುಗ ತಲೆ ತಗ್ಗಿಸಿ ಮುಟ್ಟಿಸಿಕೊಂಡ. ಆಮೇಲೆ ಮೊಬೈಲು ತೆಗೆದು, ನಂಬರು ಒತ್ತಿ, ಅವರ ಕಿವಿಗೆ ತಾನೇ ಹಿಡಿದ. ಆ ಕಡೆಯಿಂದ ಒಬ್ಬ ಹೆಂಗಸಿನ ದನಿ, ಏನೋ ಕೇಳುತ್ತಿತ್ತು.

ಅಣ್ಣ ಬಾಯಿ ತೆರೆದರು. ಮೊದಲು ಬರೀ ಗಾಳಿ ಬಂತು. ಆಮೇಲೆ ಆ ತುಂಬಿದ ದನಿ, ಒಂದಕ್ಷರ ಹರಕಿಲ್ಲದ ಅರಬ್ಬಿಯಲ್ಲಿ.

"ಮಾಮಾ, ಮಗುವಿಗೆ ಏನೂ ಆಗಿಲ್ಲ. ಇಲ್ಲೇ ನನ್ನ ಮುಂದೆ ನಿಂತಿದ್ದಾನೆ. ಅಳಬೇಡಿ ಮಾಮಾ."

ಅದೇ ಹೊತ್ತಿಗೆ ಕೆಳಗಿನಿಂದ ಯಾರೋ ಬೂಟು ಕಾಲಿನಲ್ಲಿ ಮೆಟ್ಟಿಲು ಹತ್ತುವ ಸಪ್ಪಳ ಕೇಳಿತು. ನಾನೂ ನನ್ನ ಗಂಡನೂ ಮೆಟ್ಟಿಲ ಕಡೆ ತಿರುಗಿದೆವು. ಬಾಗಿಲು ಪೂರ್ತಿ ತೆರೆದಿತ್ತು. ಅಣ್ಣ ಮಾತು ನಿಲ್ಲಿಸಲಿಲ್ಲ.